ಮಳೆಗೆ ಸಿಕ್ಕ ಮೆಣಸಿನಕಾಯಿ

ಪ್ರಶ್ನೆ: ಕುಂದಗೋಳ ತಾಲ್ಲೂಕಿನ ರೈತರೊಬ್ಬರ ಕಣದಲ್ಲಿದ್ದ ಬ್ಯಾಡಗಿ ಮೆಣಸಿನಕಾಯಿ ಅಕಾಲಿಕ ಮಳೆಗೆ ನೆನೆದು, ಕೆಲವು ಬಿಳಿಚಿಕೊಂಡಿವೆ. ವ್ಯಾಪಾರಿ ಹೇಳುವ ಬೆಲೆ ಬಿಡಿಸಿದ ಕೂಲಿಗೂ ಸಾಲದು. ಮಾರುವುದೋ, ಶೀತಲಗೃಹದಲ್ಲಿ ಇಡುವುದೋ?

ಉತ್ತರ: ಆ ಪ್ರಶ್ನೆಯನ್ನು ಸದ್ಯಕ್ಕೆ ಒತ್ತಟ್ಟಿಗಿಟ್ಟು, ಕಾಯನ್ನು ನೆಲದಿಂದೆತ್ತಿ ತಾಡಪತ್ರಿಯ ಮೇಲೆ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ, ಸಂಜೆ ಇಬ್ಬನಿ ತಗಲದಂತೆ ರಾಶಿಮಾಡಿ ಮುಚ್ಚತಕ್ಕದ್ದು. ತೇವಾಂಶ ಶೇಕಡಾ 10-11ಕ್ಕೆ ಇಳಿಯಬೇಕು. ಕಿವಿಯ ಬಳಿ ಅಲುಗಿಸಿದಾಗ ಬೀಜ ಗಲಗಲ ಎನ್ನದೆ, ತೊಟ್ಟಿನ ಬುಡ ಮೆತ್ತಗಿದ್ದರೆ ಇನ್ನೂ ಒಣಗಿಲ್ಲವೆಂದೇ ತಿಳಿಯಿರಿ. ತೂಕದ ಆಸೆಗೆ ನೀರು ಚಿಮುಕಿಸುವವರನ್ನೂ ಬಲ್ಲೆ. ಬ್ಯಾಡಗಿಗೆ ಬೆಲೆ ತರುವುದು ಬಣ್ಣ, ಆ ನೀರು ಮೊದಲು ಕೆಡಿಸುವುದೂ ಅದನ್ನೇ.

ಬಿಳಿಚಿದ ಕೆಲವು ಕಾಯಿಗಳನ್ನು ಸೀಳಿ ನೋಡಿರಿ. ಒಳಗೆ ಬೂಷ್ಟು ಕಂಡುದನ್ನು ಹೂಳಿಬಿಡಿ. ಅದರಿಂದ ಹುಟ್ಟಬಹುದಾದ ಅಫ್ಲಾಟಾಕ್ಸಿನ್ ವಿಷವು ಪುಡಿಮಾಡಿದರೂ, ಹುರಿದರೂ ಪೂರ್ಣವಾಗಿ ನಾಶವಾಗದು. ಬರಿದೇ ಬಣ್ಣಗೆಟ್ಟುದನ್ನು ಬೇರೆ ರಾಶಿಯಾಗಿ ಈಗಲೇ ಮಾರಿ. ಕೆಂಪುಗಾಯಿಯೊಡನೆ ಬೆರೆಸಿದರೆ ಇಡೀ ರಾಶಿಯ ದರ ಬೀಳುವುದು. ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ಹಾಕುವ ಟೆಂಡರಿನ ದರ ಒಪ್ಪಿಗೆಯಾಗದಿದ್ದರೆ ನಿರಾಕರಿಸುವ ಹಕ್ಕು ನಿಮಗುಂಟು.

ಶೀತಲಗೃಹಕ್ಕೆ ಚೆನ್ನಾಗಿ ಒಣಗಿದ ಕೆಂಪುಗಾಯಿ ಮಾತ್ರ ಯೋಗ್ಯ, ಅದೂ ಬಾಡಿಗೆ ಮತ್ತು ಅಡವುಸಾಲದ ಬಡ್ಡಿಯನ್ನು ಲೆಕ್ಕಹಾಕಿದ ಮೇಲೆ. ಬೆಳೆವಿಮೆ ಮಾಡಿಸಿದ್ದರೆ ಮಳೆಯಾದ 72 ಗಂಟೆಗಳೊಳಗೆ ದೂರು ಸಲ್ಲಬೇಕು. ಬೂಷ್ಟು ಹೆಚ್ಚಿದ್ದರೆ ಮಾದರಿಯೊಡನೆ ಇಂದೇ ತೋಟಗಾರಿಕೆ ಅಧಿಕಾರಿಗಳನ್ನು ಕಾಣಿರಿ.