ಹಿಮದ ನಾಡಿನಲ್ಲಿ ಅಚ್ಚೊತ್ತಿದ ಅಂಗಳ

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು. ಅಮೆರಿಕದ ಮಿನಿಯಾಪೊಲಿಸ್ ಹತ್ತಿರ ಸ್ವಂತ ಮನೆ ತೆಗೆದುಕೊಂಡಿದ್ದೇವೆ. ಹಿಂದಿನ ಪ್ಯಾಟಿಯೋ, ಮುಂದಿನ ಡ್ರೈವ್‌ವೇ ಎರಡಕ್ಕೂ ಕಲ್ಲುಹಾಸಿನಂತೆ ಅಚ್ಚೊತ್ತಿದ ಸ್ಟ್ಯಾಂಪ್ಡ್ ಕಾಂಕ್ರೀಟ್ ಹಾಕಿಸಬೇಕೆಂದು ನಮ್ಮ ಯಜಮಾನರ ಆಸೆ. ಊರಿನ ರೆಡ್ ಆಕ್ಸೈಡ್ ನೆಲದ ಬಣ್ಣ ಬಂದರೆ ಚೆಂದ ಅಂತ ನನಗೂ ಇದೆ. ಆದರೆ ಪಕ್ಕದ ಮನೆಯವರು ಹಾಕಿಸಿದ್ದು ಎರಡೇ ಚಳಿಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತಿದೆ. ಅಕ್ಟೋಬರ್ ಕೊನೆಯಲ್ಲಿ ಮಾಡಿಸಿಕೊಂಡರೆ ರಿಯಾಯಿತಿ ಕೊಡುತ್ತೇನೆ ಎನ್ನುತ್ತಾನೆ ಕಂಟ್ರಾಕ್ಟರ್. ಬರುವ ವರ್ಷ ಅತ್ತೆ-ಮಾವ ಬರುತ್ತಾರೆ. ಅತ್ತೆಗೆ ಮಂಡಿನೋವು, ಜಾರಿ ಬಿದ್ದಾರು ಎಂಬ ಭಯ ಬೇರೆ. ಇದೇ ವಿಷಯಕ್ಕೆ ಮನೆಯಲ್ಲಿ ದಿನಾ ಮಾತಿಗೆ ಮಾತು ಬೆಳೆಯುತ್ತಿದೆ. ಏನು ಮಾಡಲಿ?

ಉತ್ತರ: ಅಕ್ಟೋಬರ್ ಕೊನೆಗೆ ಬೇಡ. ರಿಯಾಯಿತಿ ಎಷ್ಟೇ ಇರಲಿ, ಬೇಡ. ನೀವಿರುವ ಕಡೆ ಅಕ್ಟೋಬರ್‌ನಲ್ಲೇ ರಾತ್ರಿಯ ಉಷ್ಣಾಂಶ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಕಾಂಕ್ರೀಟ್ ಪೂರ್ತಿ ಬಲ ಪಡೆಯಲು 28 ದಿನ ಬೇಕೆಂದು ಲೆಕ್ಕ. ಆಮೇಲೆ ಒಳಗಿನ ತೇವ ಆರಲು ಇನ್ನಷ್ಟು ದಿನ ಬಿಡಬೇಕು. ಹಸಿ ಕಾಂಕ್ರೀಟನ್ನು ಹಿಮದ ಕೈಗೆ ಕೊಟ್ಟು, ಅದರ ಮೇಲೆ ಹಿಮ ಕರಗಿಸುವ ಉಪ್ಪನ್ನೂ ಸುರಿದರೆ ಯಾವ ವಿನ್ಯಾಸವೂ ಉಳಿಯುವುದಿಲ್ಲ.

ಇನ್ನು ಪಕ್ಕದ ಮನೆಯದು. ಅವರ ಅನುಮತಿ ಕೇಳಿ, ಒಮ್ಮೆ ಕುಕ್ಕರುಗಾಲಲ್ಲಿ ಕೂತು ಹತ್ತಿರದಿಂದ ನೋಡಿ. ಮೇಲಿನ ತೆಳು ಪದರ ಮಾತ್ರ ಎದ್ದು, ಕೆಳಗೆ ಜಲ್ಲಿಕಲ್ಲು ಇಣುಕುತ್ತಿದೆಯೇ? ಗ್ಯಾರೇಜ್ ಬಾಗಿಲ ಮುಂದೆ, ಕಾರಿನ ಚಕ್ರ ನಿಲ್ಲುವ ಜಾಗದಲ್ಲಿ ಅದು ಹೆಚ್ಚಿದೆಯೇ? ಹಾಗಿದ್ದರೆ ಅದು ರಸ್ತೆಯ ಉಪ್ಪನ್ನು ಹೊತ್ತು ತಂದ ಕಾರಿನಿಂದ ತೊಟ್ಟಿಕ್ಕಿದ ನೀರು, ದುರ್ಬಲವಾದ ಮೇಲ್ಪದರ, ಎರಡೂ ಸೇರಿ ಆದ ಕೆಲಸ. ಇಡೀ ಚಪ್ಪಡಿಯೇ ಒಂದು ಕಡೆ ಎದ್ದು ಬಿರಿದಿದ್ದರೆ ತಪ್ಪು ಕೆಳಗಿನ ನೆಲದಲ್ಲಿದೆ. ಮಿನಿಯಾಪೊಲಿಸ್ ಭಾಗದಲ್ಲಿ ಮನೆಯ ಪಾಯವನ್ನು 42 ಇಂಚು ಆಳಕ್ಕೆ ಇಳಿಸಬೇಕೆಂಬ ನಿಯಮ ಇರುವುದೇ ನೆಲ ಹೆಪ್ಪುಗಟ್ಟಿ ಉಬ್ಬುವುದರಿಂದ. ಅಂಗಳದ ಚಪ್ಪಡಿ ಅಷ್ಟು ಆಳಕ್ಕೆ ಹೋಗುವುದಿಲ್ಲ. ಹಾಗಾಗಿ ಅದರಡಿ ದಮ್ಮಸ್ಸು ಮಾಡಿದ ಜಲ್ಲಿಯ ಹಾಸು ಬೇಕು, ನೀರು ಹರಿಯಲು ಅಡಿಗೆ ಕಾಲು ಇಂಚಿನಂತೆ ಮನೆಯಿಂದಾಚೆಗೆ ಇಳಿಜಾರು ಬೇಕು, ಗೋಡೆಗೂ ಚಪ್ಪಡಿಗೂ ನಡುವೆ ಬಿಡುವು ಇರಬೇಕು.

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಸೇರಿದ ನೀರಿಗೆ ಹಿಗ್ಗಲು ಜಾಗವಿಲ್ಲದಿದ್ದರೆ ಕಾಂಕ್ರೀಟ್ ಒಳಗಿನಿಂದಲೇ ಒಡೆಯುತ್ತದೆ. ಜನವರಿಯ ಕೊರೆಯುವ ಚಳಿಗಿಂತ, ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾಗುವ ಮಾರ್ಚ್ ತಿಂಗಳೇ ಹೆಚ್ಚು ಕಾಡುವುದು. ಇದಕ್ಕೆ ಮದ್ದು 1930ರ ದಶಕದಲ್ಲೇ ಅಮೆರಿಕದಲ್ಲಿ ಸಿಕ್ಕಿತು: ಮಿಶ್ರಣದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ತುಂಬುವುದು. ಹಿಗ್ಗುವ ನೀರಿಗೆ ಆ ಗುಳ್ಳೆಗಳು ಜಾಗ ಕೊಡುತ್ತವೆ. ನಿಮ್ಮಂಥ ಊರಿಗೆ ಶೇ 5ರಿಂದ 8ರಷ್ಟು ಗಾಳಿ, 4500 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಬಲ, ನೀರು-ಸಿಮೆಂಟ್ ಅನುಪಾತ 0.45ಕ್ಕೆ ಮೀರದಂತೆ ಇರಬೇಕು. ಕಾಂಕ್ರೀಟ್ ಲಾರಿಯ ಜೊತೆ ಬರುವ ಚೀಟಿಯಲ್ಲಿ ಇದೆಲ್ಲ ನಮೂದಾಗಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಕಂಟ್ರಾಕ್ಟರ್ ತೋರಿಸುವ ವಿನ್ಯಾಸದ ಆಲ್ಬಂಗಿಂತ ನನಗೆ ಆ ಚೀಟಿಯೇ ಮುಖ್ಯ.

ಅಚ್ಚೊತ್ತುವ ಕೆಲಸದಲ್ಲೇ ಒಂದು ಅಪಾಯ ಅಡಗಿದೆ. ಗಾಳಿ ತುಂಬಿದ ಕಾಂಕ್ರೀಟಿನಲ್ಲಿ ನೀರು ಮೇಲೆ ಬರುವುದು ಕಡಿಮೆ. ಮೇಲಿಂದ ಬಣ್ಣದ ಪುಡಿ ಎರಚಿದಾಗ ಅದು ಸರಿಯಾಗಿ ನೆನೆಯುವುದಿಲ್ಲ. ಆಗ ಕೆಲಸಗಾರರು ಪೈಪಿನಿಂದ ನೀರು ಚಿಮುಕಿಸಿ ಕರಣೆಯಲ್ಲಿ ಉಜ್ಜುತ್ತಾರೆ. ಎಲ್ಲಕ್ಕಿಂತ ಗಟ್ಟಿಯಾಗಿರಬೇಕಾದ ಮೇಲ್ಪದರ ಅಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಹಾಗಾಗಿ ಮಿಶ್ರಣದಲ್ಲೇ ಪೂರ್ತಿ ಬಣ್ಣ ಕಲಸಿ ತರಲು ಹೇಳಿ. ಊರಿನ ಕೆಂಪು ನೆಲಕ್ಕೆ ಬಳಸುವ ಐರನ್ ಆಕ್ಸೈಡೇ ಇಲ್ಲೂ ಸಿಗುತ್ತದೆ; ಚಪ್ಪಡಿಯ ಉದ್ದಗಲ, ದಪ್ಪ ಪೂರ್ತಿ ಆ ಬಣ್ಣವೇ ಇರುವುದರಿಂದ ಎಲ್ಲೋ ಒಂದು ಚೂರು ಎದ್ದರೂ ಬೂದು ಬಣ್ಣ ಕಣ್ಣಿಗೆ ರಾಚುವುದಿಲ್ಲ. ಹೊಳಪನ್ನು ಮಾತ್ರ ಹೊರಗೆ ಆಸೆಪಡಬೇಡಿ. ಆ ಮಿನುಗು ಬೇಕಿದ್ದರೆ ಮನೆಯೊಳಗೆ, ಬೇಸ್‌ಮೆಂಟ್ ನೆಲಕ್ಕೆ ಮಾಡಿಸಿಕೊಳ್ಳಿ. ಅಲ್ಲಿ ಹಿಮದ ಕಾಟವಿಲ್ಲ.

ಅತ್ತೆಯವರ ವಿಷಯಕ್ಕೂ ಇದೇ ಮಾತು. ಜಾರುವುದಕ್ಕೆ ಮುಖ್ಯ ಕಾರಣ ಕಾಂಕ್ರೀಟಿನ ಮೇಲೆ ಬಳಿಯುವ ಹೊಳಪಿನ ಅಕ್ರಿಲಿಕ್ ಸೀಲರ್. ನನ್ನ ಸಲಹೆ ಹೀಗಿದೆ: ಡ್ರೈವ್‌ವೇ ಮತ್ತು ಬಾಗಿಲಿಗೆ ಬರುವ ದಾರಿಗೆ ಅಚ್ಚು ಬೇಡ, ಬಣ್ಣದ ಕಾಂಕ್ರೀಟಿಗೆ ಪೊರಕೆ ಎಳೆದ ಒರಟು ಮೇಲ್ಮೈ ಸಾಕು. ಅದಕ್ಕೆ ಒಳಗೆ ಇಂಗುವ ಸಿಲೇನ್-ಸಿಲಾಕ್ಸೇನ್ ಸೀಲರ್ ಹಾಕಿಸಿ. ಅದು ಮೇಲೆ ಪೊರೆ ಕಟ್ಟುವುದಿಲ್ಲ. ಯಜಮಾನರ ಇಷ್ಟದ ಕಲ್ಲುಹಾಸಿನ ಅಚ್ಚು ಹಿಂದಿನ ಪ್ಯಾಟಿಯೋಗೆ ಇರಲಿ. ಅಲ್ಲಿ ಕಾರೂ ಬರುವುದಿಲ್ಲ, ಉಪ್ಪೂ ಬೀಳುವುದಿಲ್ಲ. ಅಲ್ಲಿಯ ಸೀಲರ್‌ಗೆ ಜಾರದಂತೆ ತಡೆಯುವ ಪುಡಿ ಬೆರೆಸಲು ಹೇಳಿ, ಎರಡು-ಮೂರು ವರ್ಷಕ್ಕೊಮ್ಮೆ ನೆಲ ಚೆನ್ನಾಗಿ ಒಣಗಿದ ದಿನ ನೋಡಿ ಮತ್ತೆ ಬಳಿಸಿ. ತೇವದ ಮೇಲೆ ಬಳಿದರೆ ಬೆಳ್ಳಗೆ ಮಂಕು ಹಿಡಿಯುತ್ತದೆ.

ಮೊದಲ ಚಳಿಗಾಲ ಯಾವ ಉಪ್ಪನ್ನೂ ಹಾಕಬೇಡಿ, ಮರಳು ಎರಚಿ. ಅಮೋನಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್ ಇರುವ ಗೊಬ್ಬರ ಅಥವಾ ಹಿಮ ಕರಗಿಸುವ ಪುಡಿ ಎಂದಿಗೂ ಬೇಡ, ಅವು ಕಾಂಕ್ರೀಟನ್ನೇ ತಿನ್ನುತ್ತವೆ. ಹಿಮ ಎತ್ತಲು ಪ್ಲಾಸ್ಟಿಕ್ ಸಲಿಕೆ ಇಟ್ಟುಕೊಳ್ಳಿ. ಲೋಹದ್ದು ಅಚ್ಚಿನ ಉಬ್ಬುಗಳನ್ನು ಕೆತ್ತಿಹಾಕುತ್ತದೆ.

ಮನೆಯ ಜಗಳದ ಬಗ್ಗೆ ಒಂದು ಮಾತು. ಯಜಮಾನರ ಆಸೆ ತಪ್ಪಲ್ಲ, ನಿಮ್ಮ ಭಯವೂ ತಪ್ಪಲ್ಲ. ಪ್ರತಿ ಮಾತಿಗೂ ಪಕ್ಕದ ಮನೆಯ ನೆಲವನ್ನು ಎತ್ತಿ ಆಡುವುದನ್ನು ನಿಲ್ಲಿಸಿ, ಒಂದು ಸಂಜೆ ಇಬ್ಬರೂ ಕೂತು ಯಾವ ಜಾಗಕ್ಕೆ ಏನು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಕಂಟ್ರಾಕ್ಟರ್‌ಗೆ ಬರುವ ಜೂನ್‌ನಲ್ಲಿ ದಿನ ಕೊಡಲು ಹೇಳಿ. ಗಾಳಿಯ ಪ್ರಮಾಣ, ನೀರಿನ ಅನುಪಾತ, ಜಲ್ಲಿಯ ದಪ್ಪ ಮೂರನ್ನೂ ಕರಾರಿನಲ್ಲಿ ಬರೆದುಕೊಡಲು ಒಪ್ಪದಿದ್ದರೆ, ದಯವಿಟ್ಟು ಬೇರೆ ಕಂಟ್ರಾಕ್ಟರನ್ನು ಹುಡುಕಿ.