ಡಿಜಿಟಲ್ ಸಹಿ ಪ್ರಮಾಣಪತ್ರ: ಕಾರ್ಯವಿಧಾನ ಮತ್ತು ಹೊಣೆಗಾರಿಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗದ ಗ್ರಾಮ ಪಂಚಾಯಿತಿಗಳಲ್ಲಿ ಇ-ಸ್ವತ್ತು ತಂತ್ರಾಂಶದಿಂದ ನೀಡಲಾಗುವ ನಮೂನೆ 9 ಮತ್ತು 11ಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿ ಇರುತ್ತದೆ. ಇ-ಗ್ರಾಮಸ್ವರಾಜ್ ಮೂಲಕ ಹಣಕಾಸು ಆಯೋಗದ ಅನುದಾನ ಪಾವತಿಸಲು ಅಧ್ಯಕ್ಷರು ಮತ್ತು ಅಭಿವೃದ್ಧಿ ಅಧಿಕಾರಿ ಇಬ್ಬರ ಸಹಿಯೂ ಅಗತ್ಯ. ಶಾಯಿಯ ಸಹಿ ಬರೆದ ಕೈಯ ಗುರುತನ್ನು ಉಳಿಸುತ್ತದೆ. ಡಿಜಿಟಲ್ ಸಹಿ ಬಳಕೆಯಾದ ಕೀಲಿಯನ್ನು ಮಾತ್ರ ತೋರಿಸುತ್ತದೆ. ಆದುದರಿಂದ ಈ ಸಹಿಯ ಭದ್ರತೆಯೆಲ್ಲ ಕೀಲಿಯನ್ನು ಕಾಯ್ದುಕೊಳ್ಳುವುದರಲ್ಲಿದೆ.

ಸಹಿ ಕೆಲಸ ಮಾಡುವ ಬಗೆ

ಯುಎಸ್‌ಬಿ ಟೋಕನ್ ಅಥವಾ ಡಾಂಗಲ್‌ನೊಳಗೆ ಖಾಸಗಿ ಕೀಲಿ ಇರುತ್ತದೆ. ಇದಕ್ಕೆ ಜೋಡಿಯಾದ ಸಾರ್ವಜನಿಕ ಕೀಲಿ ಪ್ರಮಾಣಪತ್ರದಲ್ಲಿರುತ್ತದೆ. ಸಹಿ ಮಾಡುವಾಗ ತಂತ್ರಾಂಶವು ಕಡತದಿಂದ ಹ್ಯಾಶ್ ಎಂಬ ಸಾರಾಂಶ ಸಂಖ್ಯೆಯನ್ನು ತಯಾರಿಸುತ್ತದೆ. ಟೋಕನ್ ಅದಕ್ಕೆ ಖಾಸಗಿ ಕೀಲಿಯಿಂದ ಸಹಿ ಹಾಕುತ್ತದೆ. ಕೀಲಿ ಮಾತ್ರ ಟೋಕನ್‌ನಿಂದ ಹೊರಬರುವುದಿಲ್ಲ. ಉದಾಹರಣೆಗೆ, ಸಹಿಯಾದ ನಂತರ ಯಾರಾದರೂ ನಿವೇಶನದ ಅಳತೆ 1,200 ಚದರ ಅಡಿಯನ್ನು 2,100 ಎಂದು ತಿದ್ದಿದರೆ ಹ್ಯಾಶ್ ಬದಲಾಗಿ, ಪರಿಶೀಲನೆಯಲ್ಲಿ ಸಹಿ ಅಸಿಂಧುವೆಂದು ಕಾಣುತ್ತದೆ. ಈ ಪರಿಶೀಲನೆ ಮೂಲ ಕಡತದಲ್ಲಿ ಮಾತ್ರ ಸಾಧ್ಯ. ಮುದ್ರಿತ ಪ್ರತಿಯಲ್ಲಿ ಕಾಣುವುದು ಸಹಿಯ ಚಿತ್ರವಷ್ಟೇ.

ಪ್ರಮಾಣಪತ್ರದ ಪಾತ್ರ

ಕೀಲಿ ಯಾರದೆಂಬುದನ್ನು ಪ್ರಮಾಣಪತ್ರ ತಿಳಿಸುತ್ತದೆ. ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರಿಂದ ಪರವಾನಗಿ ಪಡೆದ ಸಂಸ್ಥೆಗಳು ಅರ್ಜಿದಾರರ ಗುರುತನ್ನು ಪರಿಶೀಲಿಸಿ ಅದನ್ನು ನೀಡುತ್ತವೆ. ಅವಧಿ ಮುಗಿದ ಅಥವಾ ರದ್ದಾದ ಪ್ರಮಾಣಪತ್ರದಿಂದ ಹೊಸದಾಗಿ ಸಹಿ ಮಾಡುವಂತಿಲ್ಲ.

ಕಾನೂನಿನ ಹೊಣೆ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 5 ಇಂತಹ ಸಹಿಗೆ ಕಾನೂನಿನ ಮಾನ್ಯತೆ ನೀಡಿದೆ. ಕಲಂ 42ರ ಪ್ರಕಾರ ಖಾಸಗಿ ಕೀಲಿಯನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳುವುದು ಪ್ರಮಾಣಪತ್ರ ಪಡೆದವರ ಕರ್ತವ್ಯ. ಕೀಲಿ ಪರರ ವಶವಾದಲ್ಲಿ, ಪ್ರಾಧಿಕಾರಕ್ಕೆ ತಿಳಿಸುವವರೆಗೂ ಹೊಣೆ ಅವರದೇ. ಇನ್ನೊಬ್ಬರ ಸಹಿ ಅಥವಾ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದವರಿಗೆ ಕಲಂ 66ಸಿ ಅನ್ವಯ 3 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಪಾಲಿಸಬೇಕಾದ ಕ್ರಮಗಳು

1. ಸಭೆಗೆ ತೆರಳುವಾಗ ಅಥವಾ ಎರಡು ಪಂಚಾಯಿತಿಗಳ ಪ್ರಭಾರದಲ್ಲಿರುವಾಗಲೂ ಟೋಕನ್ ಮತ್ತು ಪಿನ್‌ಅನ್ನು ಡಾಟಾ ಎಂಟ್ರಿ ಆಪರೇಟರ್‌ಗೆ ಒಪ್ಪಿಸಬಾರದು. ಆಪರೇಟರ್ ಮಾಹಿತಿ ನಮೂದಿಸಬಹುದು. ಓದಿ ನೋಡಿ ಸಹಿ ಮಾಡಬೇಕಾದವರು ಅಧಿಕಾರಿಯೇ.

2. ಅಧ್ಯಕ್ಷರ ಟೋಕನ್ ಅಧ್ಯಕ್ಷರ ಬಳಿಯೇ ಇರಬೇಕು. ಎರಡೂ ಟೋಕನ್ ಒಬ್ಬರ ಕೈ ಸೇರಿದರೆ ಜಂಟಿ ಸಹಿಯ ಉದ್ದೇಶವೇ ವಿಫಲವಾಗುತ್ತದೆ.

3. ಪಿನ್‌ಅನ್ನು ಟೋಕನ್ ಮೇಲಾಗಲಿ, ಮೇಜಿನ ಮೇಲಾಗಲಿ ಬರೆದಿಡಬಾರದು. ಕೆಲಸ ಮುಗಿದೊಡನೆ ಟೋಕನ್‌ಅನ್ನು ಕಂಪ್ಯೂಟರಿನಿಂದ ತೆಗೆಯಬೇಕು.

4. ಪ್ರಮಾಣಪತ್ರದ ದೋಷವಿದೆಯೆಂದು ಬ್ರೌಸರ್ ಎಚ್ಚರಿಸಿದಾಗ ಅದನ್ನು ಕಡೆಗಣಿಸಿ ಮುಂದುವರಿಯಬಾರದು. ಮೊದಲು ಕಂಪ್ಯೂಟರಿನ ದಿನಾಂಕ ಮತ್ತು ಜಾಲತಾಣದ ವಿಳಾಸವನ್ನು ಪರೀಕ್ಷಿಸಬೇಕು.

5. ಟೋಕನ್ ಕಳೆದುಹೋದರೆ ಅಂದೇ ಪ್ರಾಧಿಕಾರಕ್ಕೆ ತಿಳಿಸಿ ಪ್ರಮಾಣಪತ್ರ ರದ್ದುಪಡಿಸಬೇಕು.

6. ವರ್ಗಾವಣೆಯಾದಾಗ ಟೋಕನ್‌ಅನ್ನು ಪ್ರಭಾರ ಪಟ್ಟಿಯಲ್ಲಿ ಸೇರಿಸಿ ಹಸ್ತಾಂತರಿಸುವಂತಿಲ್ಲ. ತಂತ್ರಾಂಶದಲ್ಲಿ ಹಳೆಯ ನೋಂದಣಿ ತೆಗೆಸಿ, ಹೊಸ ಅಧಿಕಾರಿ ತಮ್ಮದೇ ಪ್ರಮಾಣಪತ್ರ ನೋಂದಾಯಿಸಬೇಕು.

ಮನೆಯ ಸಾಲಕ್ಕಾಗಿ ಬ್ಯಾಂಕಿಗೆ ಹೋಗುವ ಗ್ರಾಮಸ್ಥರ ಕೈಯಲ್ಲಿರುವ ನಮೂನೆ 9ರ ಬೆಲೆ, ಅದಕ್ಕೆ ಸಹಿ ಮಾಡಿದ ಕೀಲಿಯ ಮೇಲಿನ ನಂಬಿಕೆಯಷ್ಟೇ. ಆ ನಂಬಿಕೆಯನ್ನು ಉಳಿಸುವುದು ಟೋಕನ್ ಪಡೆದ ಪ್ರತಿಯೊಬ್ಬರ ಕರ್ತವ್ಯ.