ಅಮೆರಿಕ ನೋಡಿಲ್ಲವೇ? ಅದೇ ನಿಮ್ಮ ಅರ್ಹತೆ
ಪ್ರಶ್ನೆ: ಪದವಿ ಕಾಲೇಜಿನಲ್ಲಿ ಅಮೆರಿಕನ್ ಸಾಹಿತ್ಯ ಕಲಿಸುತ್ತೇನೆ. ಆ ದೇಶ ಕಂಡಿಲ್ಲ. ಅಲ್ಲಿನ ಬೇಸಿಗೆ ತರಬೇತಿ ನನ್ನಂಥವಳಿಗೆ ಸಿಕ್ಕೀತೇ?

ಉತ್ತರ: ಪ್ರಯತ್ನಿಸಿ ಮೇಡಂ. ಅಮೆರಿಕದ ವಿದೇಶಾಂಗ ಇಲಾಖೆಯ ‘ಸ್ಟಡಿ ಆಫ್ ದಿ ಯು.ಎಸ್. ಇನ್‌ಸ್ಟಿಟ್ಯೂಟ್ಸ್’ ಯೋಜನೆಯಲ್ಲಿ ವಿದೇಶಿ ಅಧ್ಯಾಪಕರಿಗೆಂದೇ ಒಂದು ವಿಭಾಗವಿದೆ. ಆ ದೇಶದ ಅನುಭವ ಇಲ್ಲದವರಿಗೇ ಅಲ್ಲಿ ಆದ್ಯತೆ. ಸುಮಾರು 6 ವಾರ: ಮೊದಲು ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ, ಚರ್ಚೆ, ಆಮೇಲೆ ಅಧ್ಯಯನ ಪ್ರವಾಸ. ಪ್ರಯಾಣ, ವಸತಿ ಖರ್ಚು ಇಲಾಖೆಯದೇ. ಆದರೆ ಇದರಿಂದ ಪದವಿ ಸಿಗದು, ಮನೆಯವರನ್ನು ಕರೆದೊಯ್ಯುವಂತಿಲ್ಲ. ಜೆ-1 ವೀಸಾ; ಮುಗಿದ ಕೂಡಲೇ ಮರಳಬೇಕು. ಕರ್ನಾಟಕ ಚೆನ್ನೈ ಕಾನ್ಸುಲೇಟ್ ವ್ಯಾಪ್ತಿಯಲ್ಲಿದೆ. ಅರ್ಜಿಗಾಗಿ ಅದರ ಪ್ರಕಟಣೆ ಗಮನಿಸುತ್ತಿರಿ. ಅರ್ಜಿಯಲ್ಲಿ ಊರು ನೋಡುವ ಆಸೆ ಬೇಡ; ಮರಳಿ ಬಂದು ಪಾಠವನ್ನು ಹೇಗೆ ಬದಲಿಸುವಿರಿ ಎಂಬುದನ್ನೇ ಬರೆಯಿರಿ.